ಕ್ಯಾಮೆರಾ ಯಾರ ಪಕ್ಕ ನಿಲ್ಲುತ್ತದೆ?



ಸಿನಿಮಾ ನೋಡಿ ಹೊರಗೆ ಬಂದ ಮೇಲೆ ನಮ್ಮ ಮಾತು ಹೆಚ್ಚಾಗಿ ಕಥೆ, ನಟನೆ, ಹಾಡುಗಳ ಸುತ್ತಲೇ ಇರುತ್ತದೆ. ಕ್ಯಾಮೆರಾದ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ "ಕ್ಯಾಮೆರಾ ಸೂಪರ್" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಏನು ಸೂಪರ್ ಎಂದು ಕೇಳಿದರೆ ಡ್ರೋನ್ ಶಾಟ್, ಸ್ಲೋ ಮೋಷನ್, ಮಂಜು ಮುಸುಕಿದ ಬೆಟ್ಟ ಎಂಬ ಉತ್ತರ ಬರುತ್ತದೆ. ಅಂದರೆ ಕ್ಯಾಮೆರಾವನ್ನು ನಾವು ಹಬ್ಬದ ದಿನ ಇಗರ್ಜಿಗೆ ಹಾಕುವ ಲೈಟಿಂಗ್ ಇದ್ದಂತೆ ನೋಡುತ್ತೇವೆ. ಇದ್ದರೆ ಚಂದ, ಇಲ್ಲದಿದ್ದರೂ ಪೂಜೆ ನಡೆಯುತ್ತದೆ ಎಂಬ ಭಾವನೆ.

ಈ ಭಾವನೆ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಕೆಲವು ಕಥೆಗಳನ್ನು ಮಾತಿನಲ್ಲಿ ಹೇಳಿದರೆ ಸಾಲದು. ಅವು ನಮಗೆ ಪರಿಚಯವಿಲ್ಲದ ಬದುಕಿನ ಕಥೆಗಳು. ಕಣ್ಣೆವೆ ಬಿಟ್ಟರೆ ದೇಹದ ಬೇರೆ ಭಾಗ ಅಲುಗಿಸಲಾಗದ ಮನುಷ್ಯ, ನ್ಯಾಯಾಧೀಶರ ಗುಂಪಿನ ನಡುವೆ ಒಂಟಿಯಾಗಿ ಕುಳಿತ ಹುಡುಗಿ, ಸಾವಿನ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕಾಗಿ ಬಂದ ಕೈದಿ. ಇಂಥವರ ಕಥೆಯನ್ನು ದೂರದಲ್ಲಿ ನಿಂತು ತೋರಿಸಿದರೆ ನಾವು "ಅಯ್ಯೋ ಪಾಪ" ಎಂದು ಮನೆಗೆ ಹೋಗುತ್ತೇವೆ. ಅವರ ಪಕ್ಕ ನಿಂತು ತೋರಿಸಿದರೆ ಒಂದೆರಡು ಗಂಟೆ ನಾವೂ ಅವರ ಜೊತೆ ಇರುತ್ತೇವೆ. ಈ ವ್ಯತ್ಯಾಸವನ್ನು ಬಹುಪಾಲು ಮಾಡುವುದು ಕ್ಯಾಮೆರಾ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇವೆ ಎಂದರೆ, ಇಂದು ನಮ್ಮ ಧರ್ಮಕೇಂದ್ರದ ಪ್ರತಿಯೊಬ್ಬ ಯುವಕ ಯುವತಿಯ ಕೈಯಲ್ಲೂ ಒಂದು ಕ್ಯಾಮೆರಾ ಇದೆ. ನಾವು ನೋಡುವವರು ಮಾತ್ರವಲ್ಲ, ದಿನಕ್ಕೆ ಹತ್ತು ಬಾರಿ ಚಿತ್ರೀಕರಿಸುವವರು ಕೂಡ. ಹಾಗಾಗಿ ದೊಡ್ಡವರು ಹೇಗೆ ಮಾಡಿದ್ದಾರೆಂದು ನೋಡುವುದರಿಂದ ನಮಗೂ ಪ್ರಯೋಜನವಿದೆ.

ಕ್ಯಾಮೆರಾದ ಕೈಯಲ್ಲಿ ಇರುವುದು ಏನು?

ವಿಜ್ಞಾನ ಓದಿದವರಿಗೆ ಇದು ಹೊಸದಲ್ಲ. ಶಾಲೆಯ ಲ್ಯಾಬ್‌ನಲ್ಲಿ ಪೀನ ಮಸೂರ ಹಿಡಿದು, ಕಿಟಕಿಯ ಹೊರಗಿನ ಮರದ ಬಿಂಬವನ್ನು ಬಿಳಿ ಪರದೆಯ ಮೇಲೆ ತಲೆಕೆಳಗಾಗಿ ಮೂಡಿಸಿ ಸಂಗಮದೂರ ಅಳೆದವರು ನಾವೆಲ್ಲ. ಸಿನಿಮಾ ಕ್ಯಾಮೆರಾದ ಮೂಲ ಅದೇ. ಸಂಗಮದೂರ ಕಡಿಮೆಯಾದರೆ ನೋಟ ಅಗಲವಾಗುತ್ತದೆ, ಹೆಚ್ಚಾದರೆ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. ಮಸೂರದ ಬಾಯಿ ದೊಡ್ಡದಾಗಿ ತೆರೆದರೆ ಒಂದು ದೂರದಲ್ಲಿರುವುದು ಮಾತ್ರ ಸ್ಪಷ್ಟ, ಹಿಂದಿನದು ಮುಂದಿನದು ಮಸುಕು.

ಇದಕ್ಕೆ ಇನ್ನು ನಾಲ್ಕು ಸಂಗತಿ ಸೇರಿಸಿ. ಕ್ಯಾಮೆರಾ ಎಷ್ಟು ಹತ್ತಿರ ಇದೆ, ಎಷ್ಟು ಎತ್ತರದಲ್ಲಿದೆ, ಚಲಿಸುತ್ತದೆಯೇ ನಿಂತಿದೆಯೇ, ಮತ್ತು ಎಷ್ಟು ಹೊತ್ತಿನ ನಂತರ ಕಟ್ ಆಗುತ್ತದೆ. ಅಡುಗೆಯಲ್ಲಿ ಉಪ್ಪು, ಹುಳಿ, ಖಾರ ಇದ್ದ ಹಾಗೆ ಇವು. ಸಾಮಗ್ರಿ ಎಲ್ಲರಿಗೂ ಒಂದೇ, ಯಾವುದು ಎಷ್ಟು ಎಂದು ಗೊತ್ತಿರಬೇಕು.

ಒಂದು ಸಣ್ಣ ಉದಾಹರಣೆ. 1958ರಲ್ಲಿ ಬಂದ ಆಲ್‌ಫ್ರೆಡ್ ಹಿಚ್‌ಕಾಕ್ ಅವರ 'ವರ್ಟಿಗೋ' ಚಿತ್ರದ ನಾಯಕನಿಗೆ ಎತ್ತರದ ಭಯ. ಎತ್ತರದಿಂದ ಕೆಳಗೆ ನೋಡಿದಾಗ ಆಗುವ ತಲೆಸುತ್ತನ್ನು ಪರದೆಯ ಮೇಲೆ ತೋರಿಸುವುದು ಹೇಗೆ? ಕ್ಯಾಮೆರಾವನ್ನು ಹಿಂದಕ್ಕೆ ಎಳೆಯುತ್ತಾ ಅದೇ ಹೊತ್ತಿಗೆ ಜೂಮ್ ಮಾಡಿ ಹತ್ತಿರ ತಂದರು. ಎರಡೂ ಒಟ್ಟಿಗೆ ನಡೆದಾಗ ವಸ್ತು ಇದ್ದಷ್ಟೇ ದೊಡ್ಡದಾಗಿ ಉಳಿದು, ಅದರ ಹಿಂದಿನ ಆಳ ಮಾತ್ರ ಎಳೆದ ರಬ್ಬರಿನಂತೆ ಬದಲಾಗುತ್ತದೆ. ನಾಯಕ "ನನಗೆ ತಲೆ ತಿರುಗುತ್ತಿದೆ" ಎಂದು ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತ ನಮಗೇ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆ ಶಾಟನ್ನು ನಂತರ ಎಷ್ಟೋ ಮಂದಿ ಅನುಕರಿಸಿದರು. ಆದರೆ ಅದು ಹುಟ್ಟಿದ್ದು ಒಬ್ಬ ಮನುಷ್ಯನ ಭಯವನ್ನು ನಮಗೆ ದಾಟಿಸುವ ಅಗತ್ಯದಿಂದ.

ಹಾಸಿಗೆಯ ಮೇಲಿನಿಂದ ಕಂಡ ಲೋಕ

ಅಗತ್ಯ ಎಂದಾಗ ನಮಗೆ ಮೊದಲು ನೆನಪಾಗುವುದು 2007ರ ಫ್ರೆಂಚ್ ಚಿತ್ರ 'ದ ಡೈವಿಂಗ್ ಬೆಲ್ ಆ್ಯಂಡ್ ದ ಬಟರ್‌ಫ್ಲೈ'. ಇದು ನಡೆದ ಕಥೆ. ಜಾನ್ ಡೊಮಿನಿಕ್ ಬೋಬಿ ಫ್ರಾನ್ಸಿನ ಪ್ರಸಿದ್ಧ ಫ್ಯಾಷನ್ ಪತ್ರಿಕೆಯೊಂದರ ಸಂಪಾದಕ. 1995ರ ಡಿಸೆಂಬರಿನಲ್ಲಿ, 43ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿಯಿತು. ಸುಮಾರು ಮೂರು ವಾರಗಳ ನಂತರ ಎಚ್ಚರವಾದಾಗ ಬುದ್ಧಿ, ನೆನಪು ಎಲ್ಲ ಸರಿಯಾಗಿತ್ತು. ಮಾತಿಲ್ಲ, ಕೈಕಾಲು ಅಲುಗುವುದಿಲ್ಲ. ಎಡಗಣ್ಣಿನ ರೆಪ್ಪೆ ಮಾತ್ರ ಅವರು ಹೇಳಿದಂತೆ ಕೇಳುತ್ತಿತ್ತು. ಒಬ್ಬರು ಪಕ್ಕದಲ್ಲಿ ಕುಳಿತು, ಹೆಚ್ಚು ಬಳಕೆಯಾಗುವ ಅಕ್ಷರ ಮೊದಲು ಬರುವಂತೆ ಅಕ್ಷರಮಾಲೆಯನ್ನು ಓದುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಬೋಬಿ ಕಣ್ಣು ಮಿಟುಕಿಸುತ್ತಿದ್ದರು. ಹೀಗೆ ಅಕ್ಷರಕ್ಕೆ ಅಕ್ಷರ ಸೇರಿಸಿ ಒಂದು ಪುಸ್ತಕವನ್ನೇ ಬರೆಸಿದರು. 1997ರ ಮಾರ್ಚಿನಲ್ಲಿ ಅದು ಪ್ರಕಟವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಈ ಕಥೆಯನ್ನು ಸಾಮಾನ್ಯ ರೀತಿಯಲ್ಲಿ ಚಿತ್ರಿಸಿದ್ದರೆ ಏನಾಗುತ್ತಿತ್ತು? ಹಾಸಿಗೆಯ ಮೇಲೆ ಅಲುಗದೆ ಮಲಗಿದ ಒಬ್ಬ ರೋಗಿ, ಸುತ್ತ ಅಳುವ ಮನೆಯವರು, ಹಿನ್ನೆಲೆಯಲ್ಲಿ ಪಿಟೀಲು. ನಿರ್ದೇಶಕ ಜೂಲಿಯನ್ ಶ್ನಾಬೆಲ್, ಛಾಯಾಗ್ರಾಹಕ ಯಾನುಶ್ ಕಮಿನ್‌ಸ್ಕಿ ಬೇರೆ ದಾರಿ ಹಿಡಿದರು. ಚಿತ್ರದ ಮೊದಲ ಭಾಗದಲ್ಲಿ ಕ್ಯಾಮೆರಾವೇ ಬೋಬಿಯ ಕಣ್ಣು. ಪರದೆ ಮಸುಕಾಗಿ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಡಾಕ್ಟರ ಮುಖ ತೀರಾ ಹತ್ತಿರ ಬಂದು ಬಾಗುತ್ತದೆ. ಮಾತಾಡುವವರು ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು, ಚೌಕಟ್ಟಿನಿಂದ ಹೊರಗೆ, ಏಕೆಂದರೆ ಬೋಬಿಗೆ ತಲೆ ತಿರುಗಿಸಲಾಗದು. ಅವರು ಮನಸ್ಸಿನಲ್ಲಿ ಉತ್ತರ ಕೊಡುತ್ತಾರೆ, ಅದು ನಮಗೆ ಮಾತ್ರ ಕೇಳುತ್ತದೆ. ಬಲಗಣ್ಣು ಒಣಗಬಾರದೆಂದು ಅದನ್ನು ಹೊಲಿಯುವ ದೃಶ್ಯವನ್ನು ನಾವು ಒಳಗಿನಿಂದ ನೋಡುತ್ತೇವೆ.

ಅವರು ನೋಡುತ್ತಿದ್ದ ಫುಟ್‌ಬಾಲ್ ಪಂದ್ಯದ ಟಿವಿಯನ್ನು ಒಬ್ಬರು ಆರಿಸಿ ಹೋಗುವ ಗಳಿಗೆಯೂ ಇದೆ. ಕೆಟ್ಟ ಉದ್ದೇಶವೇನೂ ಇಲ್ಲ, ರೋಗಿ ನೋಡುತ್ತಿರಬಹುದು ಎಂದು ಅವರಿಗೆ ಅನ್ನಿಸಲೇ ಇಲ್ಲ. ಹೊರಗಿನಿಂದ ನೋಡಿದ್ದರೆ ಇದು ಯಾರ ಗಮನಕ್ಕೂ ಬಾರದ ಸಂಗತಿ. ಬೋಬಿಯ ಕಣ್ಣಿನಿಂದ ನೋಡಿದಾಗ ಅದೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಮುಂದೆ ಅವರ ನೆನಪು, ಕಲ್ಪನೆಗಳು ತೆರೆದುಕೊಂಡಂತೆ ಕ್ಯಾಮೆರಾವೂ ಆ ಹಾಸಿಗೆಯಿಂದ ಬಿಡುಗಡೆಯಾಗಿ ಓಡಾಡುತ್ತದೆ. ದೇಹ ಮುಳುಗುಗಾರನ ಭಾರದ ಕವಚ, ಮನಸ್ಸು ಚಿಟ್ಟೆ ಎಂಬ ಹೆಸರಿನ ಅರ್ಥ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಮುಖವೇ ಕಥೆಯಾದಾಗ

ಕಣ್ಣಿನ ಒಳಗಿನಿಂದ ನೋಡುವುದು ಒಂದು ದಾರಿಯಾದರೆ, ಎದುರಿನ ಮುಖಕ್ಕೆ ಅತಿ ಹತ್ತಿರ ಹೋಗುವುದು ಇನ್ನೊಂದು. ಅದಕ್ಕೆ ಉದಾಹರಣೆ ಹುಡುಕಲು ಮೂಕಿ ಚಿತ್ರಗಳ ಕಾಲಕ್ಕೆ ಹೋಗಬೇಕು. 1928ರಲ್ಲಿ ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ ಫ್ರಾನ್ಸಿನಲ್ಲಿ 'ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' ಮಾಡಿದರು. ಸಂತ ಜೋನ್‌ಳ ಕಥೆ ನಮಗೆ ಗೊತ್ತು. ಯುದ್ಧಭೂಮಿಯಲ್ಲಿ ಕುದುರೆ ಏರಿದ ಹುಡುಗಿ. ಅಂಥ ಕಥೆ ಎಂದರೆ ಕೋಟೆ, ಕತ್ತಿ, ಸೈನ್ಯ ತೋರಿಸಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಡ್ರೈಯರ್ 1431ರ ವಿಚಾರಣೆಯ ದಾಖಲೆಗಳನ್ನು ಆಧರಿಸಿ, ವಿಚಾರಣೆ ಮತ್ತು ಮರಣವನ್ನು ಮಾತ್ರ ತೆಗೆದುಕೊಂಡರು. ದುಬಾರಿ ಸೆಟ್ ಕಟ್ಟಿಸಿದರೂ ಪರದೆಯ ಮೇಲೆ ಅದು ಇಡಿಯಾಗಿ ಕಾಣಿಸುವುದೇ ಅಪರೂಪ. ಕಾಣುವುದು ಮುಖಗಳು.

ನಟರಿಗೆ ಮೇಕಪ್ ಇಲ್ಲ. ಚರ್ಮದ ಸುಕ್ಕು, ಬೆವರು, ನರಗಳು ಎಲ್ಲ ಕಾಣುತ್ತವೆ. ನ್ಯಾಯಾಧೀಶರನ್ನು ಕೆಳಗಿನಿಂದ ಚಿತ್ರಿಸಲು ನೆಲದಲ್ಲಿ ಗುಂಡಿ ತೋಡಿ ಕ್ಯಾಮೆರಾ ಇಟ್ಟರು. ಹಾಗಾಗಿ ಅವರು ನಮ್ಮ ತಲೆಯ ಮೇಲೆ ಬಾಗಿದಂತೆ ಕಾಣುತ್ತಾರೆ. ಜೋನ್ ಪಾತ್ರದ ಫಾಲ್ಕನೆಟ್ಟಿಯ ಮುಖ ಪರದೆ ತುಂಬ ಇರುತ್ತದೆ. ಸುತ್ತಲಿನ ಗೋಡೆಗಳು ಬರಿದು, ಯಾರು ಎಲ್ಲಿ ಕುಳಿತಿದ್ದಾರೆ ಎಂದೂ ನಮಗೆ ಸರಿಯಾಗಿ ತಿಳಿಯದು. ಸುಮಾರು 19 ವರ್ಷದ, ಓದುಬರಹ ಬಾರದ ಹುಡುಗಿಗೆ ಆ ಕೋಣೆ ಹೇಗೆ ಕಂಡಿರಬಹುದೋ ನಮಗೂ ಹಾಗೆಯೇ ಕಾಣುತ್ತದೆ. ಸಂಭಾಷಣೆ ಕೇಳಿಸದ ಚಿತ್ರದಲ್ಲಿ ಅವಳ ಒಂಟಿತನ ಅಷ್ಟು ಜೋರಾಗಿ ಕೇಳಿಸುತ್ತದೆ.

ಅವಳಿಗೆ ಶಿಕ್ಷೆ ವಿಧಿಸಿದ್ದು ಒಬ್ಬ ಧರ್ಮಾಧ್ಯಕ್ಷರ ಮುಂದಾಳತ್ವದ ಧಾರ್ಮಿಕ ನ್ಯಾಯಾಲಯ. 1456ರಲ್ಲಿ ಆ ತೀರ್ಪು ರದ್ದಾಯಿತು, 1920ರಲ್ಲಿ ಅವಳನ್ನು ಸಂತಳೆಂದು ಘೋಷಿಸಲಾಯಿತು. ಸಂತರ ಚಿತ್ರವನ್ನು ಗೋಡೆಯ ಮೇಲೆ ಎತ್ತರದಲ್ಲಿ ನೋಡಿ ಅಭ್ಯಾಸವಾದ ನಮಗೆ, ಸಂತಳಾಗುವ ಮುನ್ನ ಅವಳು ಹೆದರಿದ ಹುಡುಗಿ ಆಗಿದ್ದಳು ಎಂದು ಈ ಚಿತ್ರ ತೋರಿಸುತ್ತದೆ. ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿತ್ತು. 1981ರಲ್ಲಿ ನಾರ್ವೆಯ ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹಳೆಯ ಪ್ರತಿ ಸಿಕ್ಕಿತು. ಸಿನಿಮಾಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಮುಖ್ಯ ಚಿತ್ರಗಳ ಪಟ್ಟಿಯಲ್ಲಿ ಇದೂ ಇದೆ.

ತೋರಿಸದೆ ಹೇಳುವುದು

ಹತ್ತಿರ ಹೋಗುವುದಕ್ಕೂ ಒಂದು ಮಿತಿ ಇದೆ. ಕೆಲವು ನೋವುಗಳನ್ನು ಕಣ್ಣು ತುಂಬ ತೋರಿಸಿದರೆ ಅದು ಸತ್ತವರಿಗೆ ಅಗೌರವ. 2015ರ ಹಂಗೇರಿಯ ಚಿತ್ರ 'ಸನ್ ಆಫ್ ಸೌಲ್' ಎದುರಿಸಿದ ಪ್ರಶ್ನೆ ಇದೇ. ಕಥೆ 1944ರ ಆಶ್ವಿಟ್ಸ್ ಶಿಬಿರದ್ದು. ವಿಷಾನಿಲ ಕೋಣೆಗಳಿಂದ ಹೆಣ ಸಾಗಿಸುವ ಕೆಲಸಕ್ಕೆ ಯೆಹೂದಿ ಕೈದಿಗಳನ್ನೇ ಬಲವಂತದಿಂದ ಹಚ್ಚುತ್ತಿದ್ದರು. ಸೌಲ್ ಅಂಥವರಲ್ಲಿ ಒಬ್ಬ. ಒಬ್ಬ ಹುಡುಗನ ಶವವನ್ನು ಕಂಡು, ಇವನು ನನ್ನ ಮಗ ಎಂದು ನಂಬಿ, ಅವನಿಗೆ ಪ್ರಾರ್ಥನೆಯೊಂದಿಗೆ ಸರಿಯಾದ ಅಂತ್ಯಸಂಸ್ಕಾರ ಮಾಡಿಸಲು ಹೊರಡುತ್ತಾನೆ.

ನಿರ್ದೇಶಕ ಲಾಸ್ಲೋ ನೆಮೆಶ್ ಮತ್ತು ಛಾಯಾಗ್ರಾಹಕ ಮಾತ್ಯಾಶ್ ಎರ್ದೇಯಿ ಹೆಚ್ಚುಕಡಿಮೆ ಇಡೀ ಚಿತ್ರಕ್ಕೆ 40 ಮಿಲಿಮೀಟರ್ ಲೆನ್ಸ್ ಬಳಸಿದರು. ಚೌಕಟ್ಟು ಹಳೆಯ ಟಿವಿಯಂತೆ ಇಕ್ಕಟ್ಟು. ಕ್ಯಾಮೆರಾ ಸೌಲ್‌ನ ಮುಖ ಅಥವಾ ಭುಜಕ್ಕೆ ಅಂಟಿಕೊಂಡಿರುತ್ತದೆ. ಅವನು ಮಾತ್ರ ಸ್ಪಷ್ಟ, ಹಿಂದೆ ನಡೆಯುವ ಘೋರ ಎಲ್ಲ ಮಸುಕು. ಶಬ್ದ ಮಾತ್ರ ಎಲ್ಲ ಕಡೆಯಿಂದ ಬರುತ್ತದೆ, ಹಲವು ಭಾಷೆಗಳ ಕೂಗು, ಬಾಗಿಲು ಬಡಿತ. ಪ್ರತಿದಿನ ಅದನ್ನು ನೋಡಬೇಕಾದವನು ನೋಡದಿರಲು ಕಲಿತಿರುತ್ತಾನೆ. ಆ ಮಸುಕು ಅವನ ಮನಸ್ಸಿನದು. ಲ್ಯಾಬ್‌ನಲ್ಲಿ ನಾವು ದೋಷ ಎಂದು ಬರೆದುಕೊಳ್ಳುವ 'ಅಸ್ಪಷ್ಟ ಬಿಂಬ' ಇಲ್ಲಿ ಸತ್ತವರಿಗೆ ಹೊದಿಸಿದ ಬಟ್ಟೆಯಾಗುತ್ತದೆ. ಈ ಚಿತ್ರ ಮಕ್ಕಳಿಗಲ್ಲ. ದೊಡ್ಡವರು ಕೂಡ ಮನಸ್ಸು ಗಟ್ಟಿ ಮಾಡಿಕೊಂಡು ನೋಡಬೇಕು.

ಅದೇ ಯುದ್ಧದ ನೆರಳು 2013ರ ಪೋಲೆಂಡಿನ 'ಇಡಾ' ಚಿತ್ರದ ಮೇಲೂ ಇದೆ. ಇಲ್ಲಿ ಕ್ಯಾಮೆರಾ ತದ್ವಿರುದ್ಧವಾಗಿ ವರ್ತಿಸುತ್ತದೆ. 1960ರ ದಶಕದ ಆರಂಭ. ಕಾನ್ವೆಂಟಿನಲ್ಲಿ ಬೆಳೆದು, ಇನ್ನು ಕೆಲವೇ ದಿನಗಳಲ್ಲಿ ವ್ರತ ತೆಗೆದುಕೊಳ್ಳಲಿರುವ ಅನಾಥ ಯುವತಿಗೆ ತಾನು ಯೆಹೂದಿ ದಂಪತಿಯ ಮಗಳೆಂದು ತಿಳಿಯುತ್ತದೆ. ಚಿತ್ರ ಕಪ್ಪು-ಬಿಳುಪು. ಕ್ಯಾಮೆರಾ ಬಹುತೇಕ ಅಲುಗುವುದಿಲ್ಲ. ಮನುಷ್ಯರನ್ನು ಚೌಕಟ್ಟಿನ ಕೆಳತುದಿಯಲ್ಲಿ ಇಟ್ಟು ಅವರ ತಲೆಯ ಮೇಲೆ ದೊಡ್ಡ ಖಾಲಿ ಜಾಗ ಬಿಟ್ಟಿದ್ದಾರೆ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವವರು ನೋಡಿದರೆ ತಪ್ಪು ಎನ್ನುವಂಥ ಚೌಕಟ್ಟು. ಆ ಖಾಲಿ ಜಾಗ ಏನು? ಕೆಲವರಿಗೆ ಅದು ದೇವರ ಇರುವಿಕೆ, ಕೆಲವರಿಗೆ ದೇವರ ಮೌನ, ಇನ್ನು ಕೆಲವರಿಗೆ ಸತ್ತವರ ಜಾಗ. ಚಿತ್ರ ಉತ್ತರ ಹೇಳುವುದಿಲ್ಲ. ಕೊನೆಯಲ್ಲಿ ಅವಳು ತನ್ನ ದಾರಿಯನ್ನು ತಾನೇ ಆರಿಸಿಕೊಂಡು ನಡೆಯುವಾಗ ಕ್ಯಾಮೆರಾವೂ ಸ್ಥಿರತೆ ಬಿಟ್ಟು ಅವಳೊಂದಿಗೆ ಹೆಜ್ಜೆ ಹಾಕುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದದ್ದರಿಂದಲೇ ಆ ಅಲುಗಾಟಕ್ಕೆ ಬೆಲೆ.

ಗೊತ್ತಿರುವ ಕಥೆ, ಗುಂಪಿನ ಕಥೆ

ಅಪರಿಚಿತ ಕಥೆಗೆ ಹೀಗಾದರೆ, ಎಲ್ಲರಿಗೂ ಬಾಯಿಪಾಠವಾದ ಕಥೆಯನ್ನು ಹೊಸದಾಗಿ ಕಾಣಿಸುವುದು ಇನ್ನೂ ಕಷ್ಟ. ಇಟಲಿಯ ಪಿಯೆರ್ ಪಾವೊಲೊ ಪಸೋಲಿನಿ 1964ರಲ್ಲಿ ಸಂತ ಮತ್ತಾಯನ ಶುಭಸಂದೇಶವನ್ನು ಸಿನಿಮಾ ಮಾಡಿದರು. ಅವರು ನಾಸ್ತಿಕರು, ಮಾರ್ಕ್ಸ್‌ವಾದಿ. ಆದರೂ ಚಿತ್ರವನ್ನು ಪೋಪ್ 23ನೇ ಜಾನ್ ಅವರ ನೆನಪಿಗೆ ಅರ್ಪಿಸಿದರು. ಇದು ಕೂಡ ವ್ಯಾಟಿಕನ್ ಪಟ್ಟಿಯಲ್ಲಿದೆ. ಮೊದಲು ಅವರು ಭಕ್ತಿಚಿತ್ರಗಳಂತೆ ಗಂಭೀರ, ಸ್ಥಿರ ಶೈಲಿಯಲ್ಲಿ ಆರಂಭಿಸಿ, ಪವಿತ್ರ ಕಥೆಗೆ ಪವಿತ್ರ ಶೈಲಿಯೂ ಸೇರಿದರೆ ಅತಿಯಾಗುತ್ತದೆ ಎಂದು ಕಂಡು, ಬೇಗನೇ ಅದನ್ನು ಕೈಬಿಟ್ಟರು. ವಾರ್ತಾಚಿತ್ರ ತೆಗೆಯುವವರಂತೆ ಕೈಯಲ್ಲಿ ಹಿಡಿದ ಕ್ಯಾಮೆರಾ, ಜೂಮ್ ಬಳಸಿದರು. ಯೇಸುವಿನ ವಿಚಾರಣೆಯ ದೃಶ್ಯ ನೋಡಿ. ಕ್ಯಾಮೆರಾ ಗುಂಪಿನ ಹಿಂದೆ ನಿಂತಿದೆ. ಜನರ ತಲೆ, ಭುಜ ಅಡ್ಡ ಬರುತ್ತವೆ. ಪ್ರಭು ದೂರದಲ್ಲಿ ಸಣ್ಣದಾಗಿ ಕಾಣುತ್ತಾರೆ. ಹತ್ತಿರ ಹೋಗಲು ಧೈರ್ಯ ಸಾಲದ ಶಿಷ್ಯನೊಬ್ಬ ನೋಡಿದ್ದು ಹೀಗೆಯೇ ಇರಬೇಕು. ಪೇತ್ರನ ಅಳುಕು ನಮ್ಮದೇ ಎಂದು ಅನ್ನಿಸುವುದು ಆ ದೂರದಿಂದ.

ಗುಂಪು ಎಂದಾಗ ನಮ್ಮ ನೆರೆಯ ಮಲಯಾಳ ಸಿನಿಮಾ ನೆನಪಾಗದೆ ಇರದು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಕೊಂಕಣಿ ಅಥವಾ ತುಳು, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದ ಕಾಸರಗೋಡಿನ ಕಡೆಯ ನಮಗೆ ಅದು ಪರಭಾಷೆ ಅನ್ನಿಸುವುದಿಲ್ಲ. ಲಿಜೋ ಜೋಸ್ ಪೆಲ್ಲಿಶ್ಶೇರಿ ಅವರ 2017ರ 'ಅಂಗಮಾಲಿ ಡೈರೀಸ್' ಚಿತ್ರದ ಕೊನೆಗೆ ಇಗರ್ಜಿ ಹಬ್ಬದ ಮೆರವಣಿಗೆಯ ನಡುವೆ ಸುಮಾರು 11 ನಿಮಿಷದ ಒಂದೇ ಶಾಟ್ ಇದೆ. ಸುಮಾರು ಸಾವಿರ ಜನರ ನಡುವೆ ಒಮ್ಮೆಯೂ ಕಟ್ ಇಲ್ಲದೆ ಗಿರೀಶ್ ಗಂಗಾಧರನ್ ಅವರ ಕ್ಯಾಮೆರಾ ನುಗ್ಗುತ್ತದೆ. ಹಬ್ಬದ ಸಂಭ್ರಮ ಮತ್ತು ಹೊಡೆದಾಟದ ನಡುವೆ ಗೋಡೆಯೇ ಇಲ್ಲ ಎಂದು ತೋರಿಸಲು ಕಟ್ ಇಲ್ಲದಿರುವುದೇ ಸರಿ. ಕಟ್ ಮಾಡಿದ್ದರೆ ಅವು ಎರಡು ಲೋಕಗಳಾಗುತ್ತಿದ್ದವು.

ಅದೇ ನಿರ್ದೇಶಕರ 2018ರ 'ಈ.ಮ.ಯೌ' ಇನ್ನೂ ಹತ್ತಿರದ್ದು. ಹೆಸರು 'ಈಶೋ ಮರಿಯಂ ಯೌಸೇಪ್' ಎಂಬುದರ ಚಿಕ್ಕ ರೂಪ, ಸಾಯುವವರ ಕಿವಿಯಲ್ಲಿ ಹೇಳುವ ಮಾತು. ಕೊಚ್ಚಿಯ ಬಳಿಯ ಚೆಲ್ಲಾನಂ ಕಡಲತೀರದಲ್ಲಿ ಒಬ್ಬ ಮುದುಕ ತೀರಿಕೊಳ್ಳುತ್ತಾನೆ. ಅದ್ದೂರಿಯಾಗಿ ಮಣ್ಣು ಮಾಡುತ್ತೇನೆಂದು ಮಗ ಅಪ್ಪನಿಗೆ ಮಾತು ಕೊಟ್ಟಿದ್ದಾನೆ, ಕೈಯಲ್ಲಿ ಹಣವಿಲ್ಲ. ಸಾವಿನ ಮನೆಯಲ್ಲಿ ಒಂದೇ ಹೊತ್ತಿಗೆ ಎಷ್ಟೆಲ್ಲ ನಡೆಯುತ್ತದೆ ಎಂದು ನಮಗೆ ಗೊತ್ತು. ಅಳು, ಪ್ರಾರ್ಥನೆ, ಪೆಟ್ಟಿಗೆಯ ಲೆಕ್ಕ, ಬ್ಯಾಂಡಿನ ವ್ಯವಸ್ಥೆ, ಮೂಲೆಯಲ್ಲಿ ಗುಸುಗುಸು. ಶೈಜು ಖಾಲಿದ್ ಅವರ ಕ್ಯಾಮೆರಾ ಉದ್ದನೆಯ ಶಾಟ್‌ಗಳಲ್ಲಿ ಒಬ್ಬರಿಂದ ಇನ್ನೊಬ್ಬರ ಕಡೆಗೆ, ಒಳಗಿನಿಂದ ಅಂಗಳಕ್ಕೆ ಹರಿಯುತ್ತದೆ. ಯಾರೋ ಒಬ್ಬರ ಬೆನ್ನ ಹಿಂದೆ ನಿಂತ ನೆರೆಯವರಂತೆ ನಾವೂ ಅಲ್ಲಿರುತ್ತೇವೆ. ನಗು ಬಂದಾಗ ನಕ್ಕು, ಮರುಕ್ಷಣ ನಕ್ಕದ್ದಕ್ಕೆ ನಾಚುತ್ತೇವೆ.

ಹಣವಿದ್ದರೆ ಮಾತ್ರವೇ?

"ಇದೆಲ್ಲ ಕೋಟಿಗಟ್ಟಲೆ ಹಣ ಇದ್ದವರಿಗೆ, ನಮಗೆ ಕಥೆ ಚೆನ್ನಾಗಿದ್ದರೆ ಸಾಕು" ಎಂದು ಕೆಲವರು ಹೇಳಬಹುದು. ಕಥೆ ಮುಖ್ಯ ಎಂಬುದನ್ನು ಒಪ್ಪುತ್ತೇವೆ. ಹಣದ ಮಾತನ್ನು ಒಪ್ಪುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಅವರನ್ನು ನೋಡಿ. ಗುರುದತ್ತರ 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿದು ಬರುವ ದೃಶ್ಯ ಇಂದಿಗೂ ಪ್ರಸಿದ್ಧ. ಆ ಬೆಳಕು ಬಂದದ್ದು ದುಬಾರಿ ದೀಪದಿಂದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿದ್ದರು. ಪ್ರೀತಿಸುವ ಇಬ್ಬರ ನಡುವಿನ, ದಾಟಲಾಗದ ಅಂತರವನ್ನು ಬೆಳಕು ಹೇಳಿತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೆ ಕ್ಯಾಮೆರಾ ಹಿಡಿದಾಗ ಸುಬ್ರತ ಮಿತ್ರ ಅವರಿಗೆ 21 ವರ್ಷ. ಅದಕ್ಕೂ ಮುಂಚೆ ಅವರು ಸಿನಿಮಾ ಚಿತ್ರೀಕರಿಸಿದವರೇ ಅಲ್ಲ. 1956ರ 'ಅಪರಾಜಿತೊ' ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸೆಟ್ ಹಾಕಿದಾಗ, ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಮೃದುವಾಗಿ ಕೆಳಗೆ ಬೀಳುವಂತೆ ಮಾಡಿದರು. ಬಡ ಮನೆಯ ಅಂಗಳದ ಬೆಳಕು ನಿಜವೆನ್ನಿಸಿತು. ಕನ್ನಡದಲ್ಲೂ 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಹಣ ಸಂಗ್ರಹಿಸಿ 'ಲೂಸಿಯಾ' ಮಾಡಿದರು. ಒಬ್ಬನ ಎರಡು ಬದುಕುಗಳಲ್ಲಿ ಒಂದನ್ನು ಬಣ್ಣದಲ್ಲಿ, ಇನ್ನೊಂದನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿ ನಿಜ ಯಾವುದು, ಕನಸು ಯಾವುದು ಎಂಬ ಗೊಂದಲದಲ್ಲಿ ನಮ್ಮನ್ನು ಇಟ್ಟರು. ಕನ್ನಡಿ, ಬಿಳಿ ಬಟ್ಟೆ, ಬಣ್ಣ ತೆಗೆಯುವುದು. ಇವುಗಳಲ್ಲಿ ಯಾವುದು ನಮ್ಮ ಕೈಗೆ ಎಟುಕದ್ದು?

ತಂತ್ರ ಇದ್ದ ಮಾತ್ರಕ್ಕೆ ಒಳ್ಳೆಯ ಚಿತ್ರವಾಗುವುದಿಲ್ಲ ಎಂಬುದೂ ನಿಜ. ಕಟ್ ಇಲ್ಲದ ಶಾಟನ್ನು ಬರೀ ದಾಖಲೆಗಾಗಿ ಮಾಡಿದರೆ ಅದು ಸರ್ಕಸ್. ಕಥೆಗೆ ಏನೂ ಸೇರಿಸದ ಡ್ರೋನ್ ಶಾಟ್ ಆಕಾಶದಲ್ಲಿ ಸುತ್ತುವ ಹದ್ದಿನ ನೋಟ, ಅದಕ್ಕೆ ಕೆಳಗಿರುವವರ ಹೆಸರು ಗೊತ್ತಿಲ್ಲ.

ನಮ್ಮ ಕೈಯಲ್ಲಿರುವ ಕ್ಯಾಮೆರಾ

ಈಗ ನಮ್ಮ ವಿಷಯಕ್ಕೆ ಬರೋಣ. ಬಡವರಿಗೆ ಅಕ್ಕಿ, ಬೇಳೆಯ ಕಿಟ್ ಕೊಡುವ ವಿಡಿಯೊಗಳನ್ನು ಎಲ್ಲೆಡೆ ನೋಡುತ್ತೇವೆ. ಕ್ಯಾಮೆರಾ ಎಲ್ಲಿ ನಿಂತಿರುತ್ತದೆ? ಕೊಡುವವರ ಪಕ್ಕದಲ್ಲಿ, ಸ್ವಲ್ಪ ಎತ್ತರದಲ್ಲಿ. ಕೊಡುವವರು ನಗುತ್ತಾ ಕ್ಯಾಮೆರಾ ನೋಡುತ್ತಾರೆ, ಪಡೆಯುವವರು ತಲೆ ತಗ್ಗಿಸಿ ಕಿಟ್ ನೋಡುತ್ತಾರೆ. ರೋಗಿಗಳ ಭೇಟಿಯ ವಿಡಿಯೊದಲ್ಲಿ ಕ್ಯಾಮೆರಾ ಮಂಚದ ಕಾಲಿನ ಕಡೆ ನಿಂತು, ಮಲಗಿದವರನ್ನು ಮೇಲಿನಿಂದ ನೋಡುತ್ತದೆ. ತಲೆ ಬಾಚಿರುವುದಿಲ್ಲ, ಹೊದಿಕೆ ಸರಿಯಿರುವುದಿಲ್ಲ. ಬೇಡ ಎನ್ನಲು ಅವರಿಗೆ ಶಕ್ತಿಯೂ ಇಲ್ಲ. ಒಂದು ಗಂಟೆಯೊಳಗೆ ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ, ಗಲ್ಫ್‌ನಲ್ಲಿರುವ ಮಗ ತನ್ನ ತಾಯಿಯನ್ನು ಆ ಸ್ಥಿತಿಯಲ್ಲಿ ಸ್ಟೇಟಸ್‌ನಲ್ಲಿ ನೋಡುತ್ತಾನೆ. ಉದ್ದೇಶ ಒಳ್ಳೆಯದೇ. ಬೋಬಿಯ ಟಿವಿ ಆರಿಸಿದವರ ಉದ್ದೇಶವೂ ಕೆಟ್ಟದಾಗಿರಲಿಲ್ಲ.

ಆದ್ದರಿಂದ ಯುವಜನರ ಮುಂದೆ ನಾವು ಕೆಲವು ಸಲಹೆ ಇಡುತ್ತಿದ್ದೇವೆ. ಒಂದು, ರೆಕಾರ್ಡ್ ಒತ್ತುವ ಮೊದಲು ಎದುರಿನವರನ್ನು ಕೇಳೋಣ. ಅಜ್ಜಿಯಾದರೂ ಸರಿ, ಮಗುವಾದರೂ ಸರಿ. ಮಗುವಾದರೆ ಅಪ್ಪ ಅಮ್ಮನನ್ನೂ ಕೇಳೋಣ. ಎರಡು, ಅವರ ಕಣ್ಣಿನ ಎತ್ತರಕ್ಕೆ ಇಳಿಯೋಣ. ಮಲಗಿದವರ ಬಳಿ ಕುರ್ಚಿ ಎಳೆದು ಕುಳಿತರೆ ಸಾಕು, ಚಿತ್ರವೂ ಮಾತೂ ಎರಡೂ ಬದಲಾಗುತ್ತವೆ. ಮೂರು, ಪಡೆಯುವವರ ಮುಖ ನಿಜವಾಗಿ ಬೇಕೇ ಎಂದು ಯೋಚಿಸೋಣ. ಅಕ್ಕಿ ಮೂಟೆ ಹೊರುವ ಕೈಗಳು, ಪ್ಯಾಕ್ ಮಾಡುವ ಮಕ್ಕಳು ಕಂಡರೂ ಸುದ್ದಿ ತಲುಪುತ್ತದೆ. 'ಸನ್ ಆಫ್ ಸೌಲ್' ಕಲಿಸಿದ್ದು ಇದನ್ನೇ, ತೋರಿಸದೆ ಇರುವುದೂ ಒಂದು ಗೌರವ. ನಾಲ್ಕು, ಕೆಲವು ಕಡೆ ಫೋನ್ ಜೇಬಿನಲ್ಲೇ ಇರಲಿ. ಶವಪೆಟ್ಟಿಗೆ ಮುಚ್ಚುವ ಗಳಿಗೆಯಲ್ಲಿ ಮನೆಯವರ ಮುಖಕ್ಕೆ ಜೂಮ್ ಮಾಡುವ ಅಗತ್ಯ ಯಾವ ಕಥೆಗೂ ಇಲ್ಲ. ದೂರದಲ್ಲಿರುವ ಬಂಧುಗಳಿಗಾಗಿ ಲೈವ್ ಬೇಕೆಂದು ಮನೆಯವರೇ ಕೇಳಿದರೆ, ಒಂದು ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ಸುಮ್ಮನೆ ಬಿಟ್ಟರೆ ಸಾಕು.

ಶುಭ ಶುಕ್ರವಾರದ ಶಿಲುಬೆಯ ಹಾದಿಯನ್ನು ಚಿತ್ರೀಕರಿಸುವವರಿಗೆ ಇನ್ನೊಂದು ಮಾತು. ಪ್ರತಿ ವರ್ಷ ಯೇಸುವಿನ ಪಾತ್ರಧಾರಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಹಣೆಯ ಕೆಂಪು ಬಣ್ಣವನ್ನೇ ತೋರಿಸುತ್ತೇವೆ. ಒಮ್ಮೆ ಸಿರೇನ್ಯದ ಸಿಮೋನನ ಕಡೆಯಿಂದ ಚಿತ್ರಿಸಬಾರದೇಕೆ? ಹೊಲದಿಂದ ಬರುತ್ತಿದ್ದವನಿಗೆ ಮೊದಲು ಕಂಡದ್ದು ಜನರ ಬೆನ್ನು, ಆಮೇಲೆ ತನ್ನನ್ನು ಹಿಡಿದ ಸೈನಿಕನ ಕೈ, ಆಮೇಲೆ ಮರದ ಭಾರ. ಅಥವಾ ಎತ್ತರ ಸಾಲದೆ ಏನೂ ಕಾಣಿಸದ ಮಗುವಿನ ಕಡೆಯಿಂದ. ಫೋನ್ ಅದೇ, ವೇಷ ಅದೇ, ಕಥೆಯೂ ಅದೇ. ನಿಲ್ಲುವ ಜಾಗ ಮಾತ್ರ ಬೇರೆ.

ಮನೆಯವರಲ್ಲೂ ಒಂದು ಕೋರಿಕೆ. ಮಕ್ಕಳು ಸಿನಿಮಾ, ಕ್ಯಾಮೆರಾ ಎಂದರೆ ಹಾಳಾದರು ಎಂದು ಬೈಯುವ ಬದಲು ಅವರ ಜೊತೆ ಕುಳಿತು ಒಂದು ಚಿತ್ರ ನೋಡಿ. ಧರ್ಮಕೇಂದ್ರದ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇದ್ದರೆ ತಿಂಗಳಿಗೊಮ್ಮೆ ಒಂದು ಚಿತ್ರ ಹಾಕಬಹುದು. ಜೋನ್‌ಳ ಚಿತ್ರದಿಂದ ಆರಂಭಿಸಬಹುದು, ಮಾತಿಲ್ಲದ್ದರಿಂದ ಭಾಷೆಯ ತೊಂದರೆ ಕಡಿಮೆ, ನಡುವೆ ಬರುವ ಬರಹಗಳನ್ನು ಒಬ್ಬರು ಕನ್ನಡದಲ್ಲಿ ಓದಿ ಹೇಳಿದರಾಯಿತು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಈ ಕ್ಯಾಮೆರಾ ಯಾರ ಪಕ್ಕ ನಿಂತಿತ್ತು?

ಮುಂದಿನ ಭಾನುವಾರದೊಳಗೆ ಒಂದು ಸಣ್ಣ ಅಭ್ಯಾಸ ಮಾಡಿ ನೋಡಿ. ಮನೆಯಲ್ಲಿ ಅಮ್ಮ ಅಡುಗೆ ಮಾಡುವುದನ್ನು, ಅವರ ಒಪ್ಪಿಗೆ ಪಡೆದು, ಒಂದೊಂದು ನಿಮಿಷದಂತೆ ಮೂರು ಬಾರಿ ಚಿತ್ರಿಸಿ. ಮೊದಲು ಬಾಗಿಲಲ್ಲಿ ನಿಂತು, ನಂತರ ಒಲೆಯ ಪಕ್ಕದಲ್ಲಿ ಅವರ ಮುಖಕ್ಕೆ ಹತ್ತಿರ, ಕೊನೆಗೆ ಅವರ ಭುಜದ ಹಿಂದಿನಿಂದ, ಅವರು ನೋಡುವುದನ್ನೇ ನೋಡುತ್ತಾ. ಮೂರನ್ನೂ ಅವರಿಗೇ ತೋರಿಸಿ, ಯಾವುದು ಇಷ್ಟವಾಯಿತು ಎಂದು ಕೇಳಿ. ಅವರ ಉತ್ತರವನ್ನು ನಮಗೂ ತಿಳಿಸಿ.